ಇಂಚಪ್ಪನವರು

ಕಚೇರಿಗೊಬ್ಬ ಇಂಚಪ್ಪನವರು ಇದ್ದೇ ಇರುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಬೇರೆಯಿರಬಹುದು. ಗುರುತಿಗೆ ಜೇಬಿನಿಂದ ಇಣುಕುವ ದರ್ಜಿ ಟೇಪು ಸಾಕು. ಯಾರಾದರೂ ‘ಅಕ್ಷರ ತೀರಾ ಸಣ್ಣ ಕಾಣ್ತಿದೆ’ ಎಂದು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅವರು ಪ್ರತ್ಯಕ್ಷ. ಪರದೆಯ ಅಗಲ ಅಳೆದು, ಅದರಿಂದ ಅಡ್ಡಸಾಲಿನ 1920 ಚುಕ್ಕೆಗಳನ್ನು ಭಾಗಿಸಿ, ಇಂಚಿಗೆಷ್ಟು ಚುಕ್ಕೆಯೆಂಬ ಡಿಪಿಐ ತೆಗೆದು, ‘24 ಇಂಚಿನ ಮಾನಿಟರಿಗೆ ಡಿಪಿಐ 92 ಇರಬೇಕು ಸ್ವಾಮಿ, ನಿಮ್ಮದು 96 ಇದೆ!’ ಎನ್ನುತ್ತಾರೆ, ಬಿ.ಪಿ. ನೋಡಿದ ಡಾಕ್ಟರ ದನಿಯಲ್ಲಿ. ವಿಂಡೋಸ್ 96ಕ್ಕಿಂತ ಕೆಳಗಿಳಿಯಲು ಬಿಡದ್ದರಿಂದ ಅವರಿಗೆ ಲಿನಕ್ಸ್ ಯಂತ್ರವೆಂದರೆ ಹೆಚ್ಚು ಪ್ರೀತಿ. ಅಲ್ಲಿ 92 ಕೂರಿಸಿದ ಮೇಲೆ ಅಕ್ಷರ ಇನ್ನಷ್ಟು ಸಣ್ಣದಾಗುತ್ತದೆ. ಆದರೇನು, ಸರಿಯಾಯಿತಲ್ಲ!

ನಗುವ ಮುನ್ನ ಪಕ್ಕದ ಮೇಜಿನವರ ಚಿಕಿತ್ಸೆಯನ್ನೂ ನೋಡಬೇಕು. ಅಕ್ಷರ ದೊಡ್ಡದಾಗಲೆಂದು ಅವರು ರೆಸಲ್ಯೂಶನ್ನನ್ನೇ 1366ಕ್ಕೆ ಇಳಿಸುತ್ತಾರೆ. ಎಲ್‌ಸಿಡಿ ಪರದೆಯ ಚುಕ್ಕೆಗಳು ಕಾರ್ಖಾನೆಯಲ್ಲೇ ಎಣಿಸಿ ಕೂರಿಸಿದವು, ಕೇಳಿದಂತೆ ಹಿಗ್ಗುವುದಿಲ್ಲ. ಒಂದು ಚುಕ್ಕೆಯ ಬಣ್ಣವನ್ನು 1.4 ಚುಕ್ಕೆಗೆ ಹಂಚಬೇಕೆಂದರೆ ಅಂಚೆಲ್ಲ ಕಲಸಿಹೋಗುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ಸುಧಾರಿಸಿಕೊಂಡೀತು. ಬುಡದಲ್ಲಿ ಒತ್ತು ಕಟ್ಟಿಕೊಂಡ ಕನ್ನಡಕ್ಕೆ ಆ ಭಾಗ್ಯವಿಲ್ಲ. ‘ಸ್ವಾತಂತ್ರ್ಯ’ದ ಕೊನೆಯಕ್ಷರದ ಕೆಳಗೆ ಯಾರೋ ಇರುವೆ ಹೊಸಕಿದಂತೆ ಕಾಣುತ್ತದೆ. ರೆಸಲ್ಯೂಶನ್ ಪರದೆಗೆ ಹುಟ್ಟಿನಿಂದ ಬಂದದ್ದೇ ಇರಲಿ, ಸ್ಕೇಲಿಂಗನ್ನು ಶೇಕಡಾ 125ಕ್ಕೋ 150ಕ್ಕೋ ಏರಿಸಿ ಎಂಬುದೇ ಸರಿಯಾದ ಮದ್ದು. ಇಂಚಪ್ಪನವರು ಇದನ್ನು ಮೊದಲಿನಿಂದಲೂ ಹೇಳುತ್ತಿದ್ದಾರೆ. ಯಾರೂ ಕೇಳಿಸಿಕೊಳ್ಳದಿರುವುದಕ್ಕೆ ಕಾರಣ, ಮದ್ದಿಗೂ ಮುಂಚೆ ಅವರು ಇಂಚಿನ ಪುರಾಣ ಬಿಚ್ಚುವುದು.

ತಪ್ಪಿರುವುದೂ ಆ ಪುರಾಣದಲ್ಲೇ. ಮುದ್ರಣದ ಪಾಯಿಂಟು ಇಂಚಿನ 72ನೇ ಒಂದು ಪಾಲು. 1984ರ ಮ್ಯಾಕಿಂಟಾಷ್ ಪರದೆ ಇಂಚಿಗೆ 72 ಚುಕ್ಕೆ ಇಟ್ಟು ಕಾಗದದ ಅಳತೆಗೆ ನಿಷ್ಠವಾಗಿತ್ತು. ಮೈಕ್ರೋಸಾಫ್ಟ್ ಅದನ್ನು 96 ಎಂದು ಹಿಡಿಯಿತು. ಪುಸ್ತಕಕ್ಕಿಂತ ಪರದೆ ಮೂರನೇ ಒಂದರಷ್ಟು ಹೆಚ್ಚು ದೂರ ಇರುತ್ತದೆ, ಅಕ್ಷರವೂ ಅಷ್ಟು ದೊಡ್ಡದಿರಲಿ ಎಂಬ ಲೆಕ್ಕ. ಅಂದರೆ 96 ಎಂಬುದು ಟೇಪಿಗೆ ಸಿಕ್ಕಿದ ಸಂಖ್ಯೆಯಲ್ಲ, ಕಣ್ಣಿಗೆ ಕೊಟ್ಟ ರಿಯಾಯಿತಿ. ಇಂಚಪ್ಪನವರ ಸತ್ಯವನ್ನು 43 ಇಂಚಿನ ಫುಲ್ ಎಚ್‌ಡಿ ಟಿವಿಗೆ ಹಚ್ಚಿದರೆ 51 ಬರುತ್ತದೆ. ಗೋಡೆಯ ಮೇಲೆ ಪಂಚಾಂಗದ ಗಾತ್ರದ ಅಕ್ಷರ ಮೂಡುತ್ತದೆ. ಇನ್ನು ಕೆಲವು ಟಿವಿಗಳು 16:9 ಎಂಬ ಅನುಪಾತವನ್ನೇ ತಮ್ಮ ಮೈಯಳತೆಯೆಂದು ಬರೆದುಕೊಂಡು, ‘ನಾನು 16 ಸೆಂ.ಮೀ. ಅಗಲ’ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುತ್ತವೆ. ನಂಬಿದ ಯಂತ್ರ ಡಿಪಿಐ 300 ದಾಟಿಸಿದರೆ ಮೆನುವಿನ ಅಕ್ಷರ ಅಂಗಡಿಯ ಬೋರ್ಡಾಗುತ್ತದೆ.

ಹಾಗಾದರೆ ಅಳತೆಯೇ ಬೇಡವೇ, ಕಣ್ಣಂದಾಜು ಸಾಕಲ್ಲ ಎನ್ನಬಹುದು. ಒಂದೇ ಮಾನಿಟರಿದ್ದರೆ ಸಾಕು. ಆ 24 ಇಂಚಿನದರ ಪಕ್ಕ 27 ಇಂಚಿನ 4ಕೆ ಬಂತೆನ್ನಿ, ಅದರ ಸಾಂದ್ರತೆ 163; ಎರಡಕ್ಕೂ ಒಂದೇ ಸ್ಕೇಲಿಂಗ್ ಇದ್ದರೆ ಇತ್ತಿಂದತ್ತ ಎಳೆದ ಕಿಟಕಿ ಒಗೆದ ಖಾದಿಯಂತೆ ಕುಗ್ಗುತ್ತದೆ. ಆಗ 163ನ್ನು 92ರಿಂದ ಭಾಗಿಸಿ ‘175 ಇಡಿ’ ಎನ್ನಲು ಇಂಚಪ್ಪನವರೇ ಬೇಕು. ಅವರ ಭಾಗಾಕಾರ ಎಂದೂ ತಪ್ಪಿಲ್ಲ, ನೋಡುವವರು ಎಷ್ಟು ದೂರ ಕೂತಿದ್ದಾರೆಂಬುದು ಮಾತ್ರ ಅದರೊಳಗೆ ಬಂದಿಲ್ಲ. ಹೇಳಿದರೆ ಅದನ್ನೂ ಅಳೆಯಲು ಅವರು ಸಿದ್ಧರೇ. ಆದರೆ ದರ್ಜಿ ಟೇಪು ಐದೇ ಅಡಿ, ಟಿವಿಯೆದುರಿನ ಸೋಫಾ ಹತ್ತಡಿ.