ಯಂತ್ರಪ್ರವರ ನಿರ್ಣಯ

ತಂತ್ರಾಂಶವನ್ನು ಕಟ್ಟುವ ಮೊದಲು ಬಿಲ್ಡ್ ಸ್ಕ್ರಿಪ್ಟು ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಯಾವುದು, ಪ್ರೊಸೆಸರ್ ಯಾವ ವಂಶದ್ದು ಎಂದು ನಡೆಸುವ ವಿಚಾರಣೆಗೆ ಯಂತ್ರಪ್ರವರ ನಿರ್ಣಯವೆಂದು ಹೆಸರು. ಈ ಶಾಸ್ತ್ರಕ್ಕೆ ಶಬ್ದ, ಅನುಮಾನ, ಪ್ರತ್ಯಕ್ಷ ಎಂಬ ಮೂರು ಪ್ರಮಾಣಗಳು ಸಮ್ಮತ.

ಶಬ್ದವೆಂದರೆ ಯಂತ್ರವೇ ಹೇಳಿಕೊಳ್ಳುವ ಪ್ರವರ. ಯುನಿಕ್ಸ್ ಸಂಪ್ರದಾಯದಲ್ಲಿ 'ಯುನೇಮ್' ಆಜ್ಞೆಗೆ 'ಎಸ್' ಸೇರಿಸಿದರೆ ಸಿಸ್ಟಮ್ಮಿನ ಹೆಸರೂ 'ಎಮ್' ಸೇರಿಸಿದರೆ ಯಂತ್ರದ ಹೆಸರೂ ಹೊರಬೀಳುತ್ತವೆ. ಈ ಆಪ್ತವಾಕ್ಯಕ್ಕೆ ನಾಲ್ಕು ದೋಷಗಳುಂಟು. ಒಂದು, ನಾಮಾಂತರ: ಅದೇ 64 ಬಿಟ್ ಆರ್ಮ್ ಪ್ರೊಸೆಸರನ್ನು ಲಿನಕ್ಸ್ 'ಎಎಆರ್ಚ್64' ಎನ್ನುತ್ತದೆ, ಮ್ಯಾಕ್ 'ಆರ್ಮ್64' ಎನ್ನುತ್ತದೆ. ಎರಡು, ಪರನಾಮ: 64 ಬಿಟ್ ವಿಂಡೋಸ್ ಇಂಟೆಲ್ ಚಿಪ್ಪಿನ ಮೇಲೆ ಕೂತು, ಪ್ರತಿಸ್ಪರ್ಧಿಯ ಹೆಸರು ಹಿಡಿದು 'ಎಎಮ್‌ಡಿ64' ಎಂದು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತದೆ. ಮೂರು, ವೇಷ: ಆಪಲ್‌ನ ಎಮ್1 ಯಂತ್ರದಲ್ಲಿ ರೊಸೆಟಾ 2ರ ಅಡಿ ತೆರೆದ ಟರ್ಮಿನಲ್ ತಾನು 'ಎಕ್ಸ್86_64' ಎಂದೇ ಸಾಧಿಸುತ್ತದೆ. ನಾಲ್ಕು, ಅರ್ಧೋಕ್ತಿ: ಕರ್ನಲ್ 64 ಬಿಟ್ಟಿನದಾಗಿ ಅದರ ಮೇಲಿನ ಸಂಸಾರವೆಲ್ಲ 32 ಬಿಟ್ಟಿನದಾಗಿದ್ದರೂ ಯುನೇಮ್ ಕರ್ನಲ್ಲಿನ ಪರವಾಗಿ ಮಾತ್ರ ಉತ್ತರಿಸುತ್ತದೆ.

ಅನುಮಾನವು ಹೆಸರಿನ ತುಣುಕು ಕಂಡು ಇಡೀ ವ್ಯಕ್ತಿಯನ್ನು ಊಹಿಸುವ ಮಾರ್ಗ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ. ಎಲ್ಲಿ 'ವಿನ್' ಎಂದಿದೆಯೋ ಅಲ್ಲಿ ವಿಂಡೋಸ್. ಮ್ಯಾಕ್ ತನ್ನನ್ನು 'ಡಾರ್ವಿನ್' ಎಂದು ಕರೆದುಕೊಳ್ಳುವುದರಿಂದ ಈ ಹೇತು ಹೇತ್ವಾಭಾಸವಾಗುತ್ತದೆ. ಸ್ಕ್ರಿಪ್ಟು ಮ್ಯಾಕಿನೊಳಗೆ ಡಿಎಲ್‌ಎಲ್ ಕಡತಗಳನ್ನು ಹುಡುಕಿಕೊಂಡು ಹೊರಡುತ್ತದೆ. 'ಸಿಗ್ವಿನ್' ವಿಷಯದಲ್ಲಿ ಅದೇ ತರ್ಕ ಸರಿಯಾದ ಉತ್ತರವನ್ನೇ ಕೊಡುವುದರಿಂದ ಅದನ್ನು ಬಿಡಲು ಯಾರಿಗೂ ಮನಸ್ಸು ಬಾರದು.

ಇವೆರಡನ್ನೂ ಸಮನ್ವಯಗೊಳಿಸಿದ ಆಕರಗ್ರಂಥ ಗ್ನೂ ಪರಂಪರೆಯ 'ಕಾನ್ಫಿಗ್ ಡಾಟ್ ಗೆಸ್'. ಊಹೆಯೆಂದು ಶೀರ್ಷಿಕೆಯಲ್ಲೇ ಒಪ್ಪಿಕೊಂಡ ಶಾಸ್ತ್ರಗ್ರಂಥ ವಿರಳ. ಅದರ ತೀರ್ಪಿಗೆ 'ಟ್ರಿಪ್ಲೆಟ್' ಎಂದು ಹೆಸರು. 'ಎಕ್ಸ್86_64-ಪಿಸಿ-ಲಿನಕ್ಸ್-ಗ್ನೂ' ಎಂಬಲ್ಲಿ ಎಣಿಸಿದರೆ ಅಂಗಗಳು ನಾಲ್ಕು. 64 ಬಿಟ್ ವಿಂಡೋಸಿಗಾಗಿ ಕಟ್ಟುವ ಮಿಂಗ್ವ್ ಪರಿಕರದ ಟ್ರಿಪ್ಲೆಟ್ ಮುಗಿಯುವುದು 32ರಲ್ಲಿ. ತಯಾರಕರು ಯಾರೆಂದು ತಿಳಿಯದಿದ್ದರೆ ಆ ಸ್ಥಾನದಲ್ಲಿ 'ಅನ್‌ನೋನ್' ಎಂದು ಬರೆಯುವುದು ಶಿಷ್ಟಾಚಾರ. ಅದರಿಂದ ಯಾವ ಕೆಲಸವೂ ಸಾಮಾನ್ಯವಾಗಿ ಕೆಡುವುದಿಲ್ಲ. ಎಎಆರ್ಚ್64 ಹುಟ್ಟುವ ಮುಂಚಿನ ಪ್ರತಿಯನ್ನು ಇಂದಿನ ಆರ್ಮ್ ಯಂತ್ರದಲ್ಲಿ ಓಡಿಸಿದರೆ ಮಾತ್ರ ಗ್ರಂಥವು ಊಹಿಸಲಾರೆನೆಂದು ಕೈಚೆಲ್ಲುತ್ತದೆ.

ಪ್ರತ್ಯಕ್ಷವಾದಿಗಳು 1991ರಲ್ಲಿ ಹುಟ್ಟಿದ ಆಟೋಕಾನ್ಫ್ ಪಂಥದವರು. ನೀನು ಯಾರೆಂಬ ಪ್ರಶ್ನೆ ಅವರಿಗೆ ಗೌಣ, ನಿನಗೆ ಏನು ಬರುತ್ತದೆ ಎಂಬುದು ಮುಖ್ಯ. ಕಾನ್ಫಿಗರ್ ಸ್ಕ್ರಿಪ್ಟು ನಾಲ್ಕು ಸಾಲಿನ ಸಿ ಪ್ರೋಗ್ರಾಮ್ ಬರೆದು ಕಂಪೈಲ್ ಮಾಡುತ್ತದೆ. ಆದರೆ 'ಯೆಸ್', ಆಗದಿದ್ದರೆ 'ನೋ'. ಪರದೆಯ ಮೇಲೆ ನೂರಾರು 'ಚೆಕಿಂಗ್' ಸಾಲುಗಳು ಹರಿಯುತ್ತವೆ, ಓದುವವರಿಲ್ಲ. ಇಂಟೆಲ್ ಯಂತ್ರದಲ್ಲಿ ಆರ್ಮ್‌ಗಾಗಿ ಕಟ್ಟುವಾಗ ಪರೀಕ್ಷಾ ಪ್ರೋಗ್ರಾಮನ್ನು ಅಲ್ಲೇ ಓಡಿಸಿ ನೋಡುವಂತಿಲ್ಲ. ಆಗ 'ಹೋಸ್ಟ್', ಅಂದರೆ ಕಟ್ಟಿದ ಪ್ರೋಗ್ರಾಮ್ ಓಡಬೇಕಾದ ಯಂತ್ರ, ಯಾವುದೆಂದು ಬಳಕೆದಾರನೇ ಹೇಳಬೇಕು. ಪ್ರತ್ಯಕ್ಷವು ಶಬ್ದಕ್ಕೆ ಶರಣಾಗುತ್ತದೆ.

ಯಾವ ಪ್ರಮಾಣಕ್ಕೂ ಸಿಗದ ಯಂತ್ರಕ್ಕೆ 'ಕೇಸ್' ಪಟ್ಟಿಯ ಕೊನೆಯಲ್ಲಿ ನಕ್ಷತ್ರ ಚಿಹ್ನೆಯ ಸ್ಥಾನವಿದೆ. ಅಲ್ಲಿ 'ಬೆಂಬಲವಿಲ್ಲ' ಎಂದು ಹೇಳಿ ನಿಲ್ಲುವುದು ಉತ್ತಮ ಪಕ್ಷ. ಲಿನಕ್ಸ್, ಇಂಟೆಲ್ ಎಂದೇ ಭಾವಿಸಿ ಮುಂದುವರಿಯುವುದು ಅಧಮ ಪಕ್ಷವಾದರೂ ರೂಢಿಯಲ್ಲಿ ಅದರದೇ ಪ್ರಾಬಲ್ಯ. ಹಾಗೆ ಭಾವಿಸಿ ಸ್ಕ್ರಿಪ್ಟು ತಂದಿಳಿಸಿದ ಇಂಟೆಲ್ ಬೈನರಿಯನ್ನು ಆರ್ಮ್ ಲಿನಕ್ಸಿನಲ್ಲಿ ಓಡಿಸಹೋದರೆ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಎಂಬ ಉತ್ತರ ಬರುತ್ತದೆ. ಪ್ರವರದ ವಿಷಯದಲ್ಲಿ ಕರ್ನಲ್ ಕೊಡುವ ಈ ತೀರ್ಪಿಗೆ ಮೇಲ್ಮನವಿಯಿಲ್ಲ.