ಜಾಲತಾಣ ವಿನ್ಯಾಸಕರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಜಾಲತಾಣದ ಅಂತಿಮ ಸ್ವರೂಪವನ್ನು ಸಮಕ್ಷಮದಲ್ಲಿಯೇ ತೋರಿಸುವೆನೆಂಬ ತಮ್ಮ ವಚನವನ್ನು ನಂಬಿ, ಗೋಣಿಕೊಪ್ಪ, ತಿತಿಮತಿ, ಹುಣಸೂರುಗಳನ್ನು ದಾಟಿ ನಿನ್ನೆ ಮೈಸೂರಿನ ತಮ್ಮ ಕಚೇರಿಗೆ ಬಂದು, ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕುಳಿತಿದ್ದವನಿಗೆ, ಅಲ್ಲಿಯ ಹುಡುಗನು ಕಡೆಗೆ ಕನಿಕರಿಸಿ, 'ಸಾರ್ ಫ್ಯಾಮಿಲಿ ಸಮೇತ ಕೊಡಗಿಗೆ ಟ್ರಿಪ್ ಹೋಗಿದ್ದಾರೆ' ಎಂದನು. ನಾನು ಘಟ್ಟವಿಳಿಯುತ್ತಿದ್ದಾಗ ತಾವು ಏರುತ್ತಿದ್ದಿರಿ. ಹುಣಸೂರಿನಲ್ಲಿ ಒಂದೇ ಹೋಟೆಲಿನೊಳಗೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತು ದೋಸೆ ತಿಂದಿರಲೂ ಸಾಕು.

ಕೆಲಸ ಆರಂಭವಾಗುವುದಕ್ಕೆ ಮುನ್ನ ಯಜಮಾನನಾದವನು ಮಾಡಿಕೊಳ್ಳತಕ್ಕ ಸಿದ್ಧತೆಗಳ ಪಟ್ಟಿಯೊಂದನ್ನು ತಾವು ಕಳುಹಿಸಿದ್ದಿರಿ. ಬಣ್ಣ ಯಾವುದು, ಬರುವ ಅತಿಥಿಗಳ ವಯಸ್ಸೆಷ್ಟು, ನಮ್ಮ ಹೋಂಸ್ಟೇ ಲೋಕಕ್ಕೆ 'ಹೇಳಬಯಸುವ ಕಥೆ' ಏನು ಎಂಬ ಸಕಲ ಪ್ರಶ್ನೆಗಳಿಗೂ ವಿಧೇಯ ವಿದ್ಯಾರ್ಥಿಯಂತೆ ಉತ್ತರಿಸಿದೆನು. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿಸಿದ ಬರೆಹವು ತಮ್ಮ ಗಣಕದಲ್ಲಿ ಪಿಶಾಚಭಾಷೆಯಾಗಿ ಕಂಡಿತೆಂದಾಗ, ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿ ಮತ್ತೆ ಕಳುಹಿಸಿದೆನು. ಆ ಕನ್ನಡವಾದರೂ ತಾಣದಲ್ಲಿ ಇದೆಯೇ? ಅದರ ಸ್ಥಳದಲ್ಲಿ ಕ್ರಿ. ಪೂ. 45ರಲ್ಲಿ ರೋಮಿನ ಸಿಸೆರೋ ಬರೆದ ತತ್ತ್ವಗ್ರಂಥವೊಂದರ ಛಿನ್ನವಿಚ್ಛಿನ್ನವಾದ ಲ್ಯಾಟಿನ್ ಪಂಕ್ತಿಗಳು, ಮುದ್ರಣದವರು ಖಾಲಿ ಜಾಗವನ್ನು ತುಂಬುವುದಕ್ಕೆಂದು ಬಳಸುವ ಅವೇ ಪಂಕ್ತಿಗಳು, ತಿಂಗಳುಗಳಿಂದ ಬಿಡಾರ ಹೂಡಿವೆ. ಸದ್ಯಕ್ಕೆ ನಮ್ಮ ಹೋಂಸ್ಟೇಯ ಏಕಮಾತ್ರ ಅತಿಥಿ ಸಿಸೆರೋ. ಆತನೂ ಬಾಡಿಗೆ ಕೊಟ್ಟಿಲ್ಲ.

ಇರಲಿ, ಸಿಸೆರೋ ಪಂಡಿತನು, ಕ್ಷಮ್ಯನು. ಆದರೆ ಆ ಚಿತ್ರ! 'ಭಾರತದ ಸ್ಕಾಟ್ಲೆಂಡಿಗೆ ಸ್ವಾಗತ' ಎಂಬ ಸವೆದ ತಲೆಬರೆಹದ ಕೆಳಗೆ ತಾವು ಹರಡಿರುವುದು ಮುನ್ನಾರಿನ ಚಹಾ ತೋಟ. ಕೊಡಗಿನಲ್ಲಿ ಚಹಾ ಇಲ್ಲವೇ ಇಲ್ಲವೆಂದು ನಾನು ವಾದಿಸುವವನಲ್ಲ, ದಕ್ಷಿಣದ ಕಡೆ ಅಲ್ಪಸ್ವಲ್ಪ ಉಂಟು. ಆದರೆ ನನ್ನದು ರೊಬಸ್ಟಾ ತೋಟ, ಸ್ವಾಮೀ! ಕತ್ತರಿಸಿ ಸಮಮಾಡಿದ ಬೋಳುಗುಡ್ಡವಲ್ಲ; ಅತ್ತಿ, ಹಾಲುವಾಣ, ಸಿಲ್ವರ್ ಓಕುಗಳ ನೆರಳು, ಅವುಗಳನ್ನು ತಬ್ಬಿ ಏರಿದ ಮೆಣಸಿನ ಬಳ್ಳಿ, ಅಡಿಯಲ್ಲಿ ಕಾಫಿ. ಗಿಡವು ನಮಗಾಗಲಿ ತಮಗಾಗಲಿ ಬೇಕೆಂದಾಗ ಹೂಬಿಡುವುದಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಗಳಾದ ಮೇಲೆ ತೋಟವೆಲ್ಲ ಒಮ್ಮೆಗೇ ಬೆಳ್ಳಗಾಗಿ, ಎರಡು ಮೂರು ದಿನಗಳಲ್ಲಿ ಕಂದಿಹೋಗುತ್ತದೆ. ಆ ದಿನಗಳಿಗಾಗಿ ಕಾದು, ಬೆಳಗಿನ ಬೆಳಕಿಗಾಗಿ ಕಾದು, ಜಿಗಣೆಯಂತೆ ಅಂಟುವ ನೆಂಟರನ್ನು ಅಂಗಳದಲ್ಲಿಯೇ ಬಿಟ್ಟು ಹೋಗಿ ತೆಗೆದ ಚಿತ್ರಗಳನ್ನು ತಮಗೆ ಕಳುಹಿಸಿದ್ದೆನು. ಅವು ಎಲ್ಲಿ? 'ಫೈಲ್ ಸೈಜ್ ಜಾಸ್ತಿಯಿತ್ತು' ಎಂದಿರಂತೆ. 2019ರಲ್ಲಿ ಕೂರ್ಗ್ ಅರೇಬಿಕಾ ಕಾಫಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗ ಇಲ್ಲಿಯ ಬೆಳೆ ಯಾವುದೆಂಬುದು ದೆಹಲಿಗೂ ತಿಳಿಯಿತು; ತಮಗೆ ತಿಳಿಯಲಿಲ್ಲ. ಚಹಾ! ಹಣ ತೆಗೆದುಕೊಂಡು ಚಹಾ ಹಾಕಿದಿರಿ!

ಈಗ ತಾವು ಕೊಡಗಿನಲ್ಲಿಯೇ ಇದ್ದೀರಿ. ತಂಗಿರುವ ಕೋಣೆಯ ಕಿಟಕಿಯನ್ನು ತೆರೆದು ಒಮ್ಮೆ ಹೊರಗೆ ನೋಡಿ. ನೋಡಿದ ಮೇಲೆ, ನನ್ನ ದುಡ್ಡಿನಲ್ಲಿ ಕೊಂಡು ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಂಡಿರುವ ಡೊಮೇನನ್ನು ನನ್ನ ಹೆಸರಿಗೆ ವರ್ಗಾಯಿಸಿ, ಪಾಸ್‌ವರ್ಡನ್ನೂ ನನ್ನ ಚಿತ್ರಗಳನ್ನೂ ಹಿಂತಿರುಗಿಸಿ. ಖುದ್ದಾಗಿ ಬರುವುದಾದರೆ ಗೋಣಿಕೊಪ್ಪದಲ್ಲಿ ಯಾರನ್ನು ಕೇಳಿದರೂ ಮನೆಯ ದಾರಿ ಹೇಳುತ್ತಾರೆ. ಉಪಚಾರಕ್ಕೆ ಕೊರತೆಯಾಗದು, ಆದರೆ ಕುಡಿಯುವುದಕ್ಕೆ ಚಹಾ ಮಾತ್ರ ಸಿಗುತ್ತದೆ.

ಇಂತು,
ಮುಂಗಡ ಕೊಟ್ಟವನು