ಜಿನ್ನು ಮತ್ತು ಸ್ಟೀಲ್ ಡಬ್ಬಿ

ಕುಡಿಯುವವರಲ್ಲೂ ಮಡಿವಂತರಿದ್ದಾರೆ. ಒಳ್ಳೆಯ ವಿಸ್ಕಿಗೆ ಕೋಲಾ ಸುರಿದು ನೋಡಿ, ಸೂತಕದ ಮನೆಗೆ ಬಂದವರಂತೆ ಮುಖ ಮಾಡುತ್ತಾರೆ. ಜಿನ್ನಿಗೆ ಆ ಬಿಗುಮಾನವಿಲ್ಲ. ನಿಂಬೆಹಣ್ಣು, ಸೋಡಾ, ಸಕ್ಕರೆ ಯಾವುದರ ಜೊತೆಗೂ ಹೊಂದಿಕೊಂಡು ಹೋಗುತ್ತದೆ. ನನ್ನಂಥ ಕಾಕ್‌ಟೇಲ್ ಹವ್ಯಾಸಿಯ ಕೈಗೆ ಅದು ಸಿಕ್ಕಿಬಿದ್ದದ್ದೂ ಈ ಒಳ್ಳೆಯತನದಿಂದಲೇ.

ಜೂನಿಪರ್ ಕಾಯಿಯಿಲ್ಲದೆ ಜಿನ್ನಿಲ್ಲ, ಸರಿ. ಆದರೆ ಅದರ ಬೆನ್ನಿಗೇ ಬರುವುದು ಕೊತ್ತಂಬರಿ ಬೀಜ! ಕಿತ್ತಳೆ ಸಿಪ್ಪೆ, ಏಲಕ್ಕಿ, ಚಕ್ಕೆ ಹಾಕುವವರೂ ಉಂಟು. ಈ ಪಟ್ಟಿಯನ್ನು ಮನೆಯಾಕೆಗೆ ಓದಿ ಹೇಳಿದೆ. “ಒಣಮೆಣಸಿನಕಾಯಿ, ಕಡಲೆಬೇಳೆ ಒಂದು ಮರೆತಿದಾರೆ ನೋಡಿ, ಇಲ್ದಿದ್ರೆ ಬಿಸಿಬೇಳೆಬಾತಿನ ಪುಡೀನೇ ಆಗ್ತಿತ್ತು” ಎಂದಳು.

ಸಲಕರಣೆಗಳಿಗೂ ಅಡುಗೆಮನೆ ಸಾಕು. ಕುಲುಕುವುದಕ್ಕೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಸೋಸುವುದಕ್ಕೆ ಟೀ ಜಾಲರಿ. ಅಳತೆಗೆ ಕೆಮ್ಮಿನ ಔಷಧಿಯ ಮುಚ್ಚಳ, ಅದರ ಮೇಲೆ ಮಿಲಿಲೀಟರ್ ಗೆರೆಗಳೇ ಇರುತ್ತವೆ. ಸಾರಿಗೆ ಉಪ್ಪು ಹಾಕುವ ಕಣ್ಣಳತೆ ಮಾತ್ರ ಇಲ್ಲಿ ನಡೆಯದು. ಗಿಮ್ಲೆಟ್ ಎಂಬ ಕಾಕ್‌ಟೇಲಿಗೆ 60 ಮಿಲಿ ಜಿನ್, 20 ಮಿಲಿ ನಿಂಬೆರಸ, 20 ಮಿಲಿ ಸಕ್ಕರೆ ಪಾಕ. ಪಾಕಕ್ಕೆ ಸಕ್ಕರೆ, ನೀರು ಸಮಸಮ. ಕರಗಿದ ಕೂಡಲೇ ಇಳಿಸಿಬಿಡಬೇಕು. ಎಳೆ ಬಂತೇ ಎಂದು ಬೆರಳಲ್ಲಿ ನೋಡುತ್ತ ಕೂತರೆ ಅದು ಲಾಡಿಗಾಗುತ್ತದೆ. ಮೂರನ್ನೂ ಡಬ್ಬಿಗೆ ಸುರಿದು ಐಸ್ ತುಂಬಿ, ಡಬ್ಬಿ ಕೈ ಸುಡುವಷ್ಟು ತಣ್ಣಗಾಗುವತನಕ ಕುಲುಕಬೇಕು. ಕರಗುವ ಐಸಿನ ನೀರೂ ಲೆಕ್ಕದೊಳಗಿನದೇ, ಅದಕ್ಕೆ ಜಿಪುಣತನ ಬೇಡ.

ಹುಳಿರಸವಿದ್ದರೆ ಕುಲುಕು, ಬರೀ ಮದ್ಯಗಳಾದರೆ ಚಮಚದಲ್ಲಿ ಕಲಕು ಎಂಬುದು ಬಲ್ಲವರ ನಿಯಮ. ಜೇಮ್ಸ್ ಬಾಂಡ್ ಮಾರ್ಟಿನಿಯನ್ನೂ ಕುಲುಕಿಸಿಯೇ ಕುಡಿಯುತ್ತಾನೆ. ಕೊಲ್ಲುವುದಕ್ಕೇ ಲೈಸೆನ್ಸ್ ಇರುವವನನ್ನು ಕೇಳುವವರಾರು?

ನಮಗೆ ಹೆಚ್ಚು ಉಪಕಾರಿಯಾದ ಬಾಂಡ್ ಇನ್ನೊಬ್ಬನಿದ್ದಾನೆ. ಲಂಡನ್ನಿನ ಇರಾಸ್ಮಸ್ ಬಾಂಡ್, 1858ರಲ್ಲಿ ಟಾನಿಕ್ ನೀರಿಗೆ ಪೇಟೆಂಟ್ ಪಡೆದವನು. ಅದರ ಕಹಿ ಕ್ವಿನೈನಿನದು, ಮಲೇರಿಯಾದ ಮದ್ದು. ಇಲ್ಲಿದ್ದ ಬ್ರಿಟಿಷರು ಆ ಕಹಿಯನ್ನು ನುಂಗಲಾರದೆ ಸಕ್ಕರೆ, ಜಿನ್ ಬೆರೆಸಿದರು ಎಂಬ ಕಥೆಯಿದೆ. ಔಷಧಿಯ ನೆವದಲ್ಲಿ ಕುಡಿಯುವ ಕಲೆ ನಮ್ಮವರಿಗೂ ಹೊಸದಲ್ಲ. ಕ್ವಿನೈನಿಗಾಗಿ ಬ್ರಿಟಿಷರು ನೀಲಗಿರಿಯಲ್ಲಿ 1860ರ ದಶಕದಲ್ಲೇ ಸಿಂಕೋನಾ ಮರ ನೆಟ್ಟರು. ಈಗಿನ ಟಾನಿಕ್ಕಿನಲ್ಲಿ ಕ್ವಿನೈನ್ ಹೆಸರಿಗಷ್ಟೇ. ಅದನ್ನು ನಂಬಿ ಸೊಳ್ಳೆಪರದೆ ಮಡಿಚಿಡಬೇಡಿ.

ಪುಸ್ತಕದ ವಿಧಾನಗಳೆಲ್ಲ ಒಂದು ತೂಕವಾದರೆ, ಕರಾವಳಿಯ ಪುನರ್ಪುಳಿಯೇ ಒಂದು ತೂಕ. ಅದರ ಶರಬತ್ತಿಗೆ ಜಿನ್, ಚಿಟಿಕೆ ಉಪ್ಪು, ಮೇಲೆ ಸೋಡಾ. ಟಾನಿಕ್ ಮಾತ್ರ ಹಾಕಬೇಡಿ. ಆ ಹುಳಿಗೂ ಈ ಕಹಿಗೂ ಒಂದೇ ಲೋಟದಲ್ಲಿ ಸರಿಹೋಗುವುದಿಲ್ಲ.